ಕಂಪ್ಯೂಟರ್‌ನಲ್ಲಿ ಸೌಂಡ್ ಬರ್ತಿಲ್ವಾ? ಜ್ಯಾಕ್‌ನಿಂದ ಡ್ರೈವರ್‌ವರೆಗೆ ಒಂದೊಂದೇ ನೋಡೋಣ

ಕಂಪ್ಯೂಟರ್‌ನಲ್ಲಿ ಸೌಂಡ್ ನಿಂತುಹೋದರೆ ಸಾಮಾನ್ಯವಾಗಿ ಎರಡು ಸಲಹೆ ಸಿಗುತ್ತವೆ. ಡ್ರೈವರ್, ಅಂದರೆ ಸೌಂಡ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್, ಮತ್ತೆ ಹಾಕಿ ಅನ್ನುವುದು ಒಂದು. ವಿಂಡೋಸ್ ಫಾರ್ಮ್ಯಾಟ್ ಮಾಡಿಸಿ ಅನ್ನುವುದು ಇನ್ನೊಂದು. ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹಾಡು ಪ್ಲೇಯರ್‌ನಿಂದ ಹೊರಟು ನಿಮ್ಮ ಕಿವಿ ಮುಟ್ಟುವ ಹೊತ್ತಿಗೆ ನಾಲ್ಕೈದು ಕಡೆ ಹಾದು ಬಂದಿರುತ್ತದೆ. ಎಲ್ಲಿ ನಿಂತಿದೆ ಅಂತ ತಿಳಿಯುವ ಮೊದಲೇ ಡ್ರೈವರ್ ಬದಲಿಸಿದರೆ, ಇದ್ದ ತೊಂದರೆಗೆ ಹೊಸದೊಂದು ಸೇರಿಕೊಳ್ಳಬಹುದು. ಆಮೇಲೆ ಯಾವುದು ಯಾವುದರಿಂದ ಆಯಿತು ಅಂತ ಬಿಡಿಸುವುದೇ ಕಷ್ಟ.

ಆದ್ದರಿಂದ ಇಲ್ಲಿ ಹೊರಗಿನಿಂದ ಒಳಕ್ಕೆ ಹೋಗೋಣ. ಮೊದಲು ಜ್ಯಾಕ್ (ಪ್ಲಗ್ ಚುಚ್ಚುವ ತೂತು), ಆಮೇಲೆ ವಿಂಡೋಸ್ ಸೆಟ್ಟಿಂಗ್, ಆಮೇಲೆ ಜ್ಯಾಕ್‌ಗೆ ಕೊಟ್ಟಿರುವ ಕೆಲಸ, ಕೊನೆಗೆ ಡ್ರೈವರ್. ಉದಾಹರಣೆಗೆ ನಾನು ತೆಗೆದುಕೊಂಡಿರುವುದು ಡೆಸ್ಕ್‌ಟಾಪ್ ಮದರ್‌ಬೋರ್ಡ್‌ನಲ್ಲೇ ಕೂತಿರುವ ರಿಯಲ್‌ಟೆಕ್ ಸೌಂಡ್ ಚಿಪ್. ಎಎಲ್‌ಸಿ 887, ಎಎಲ್‌ಸಿ 897, ಎಎಲ್‌ಸಿ 1220 ಅಂತೆಲ್ಲ ಹೆಸರಿರುವ ಚಿಪ್‌ಗಳು ಇವೇ. ಬೇರೆಯಾಗಿ ಸೌಂಡ್ ಕಾರ್ಡ್ ಹಾಕಿಸದ ಡೆಸ್ಕ್‌ಟಾಪ್ ನಿಮ್ಮದಾದರೆ, ಅದರಲ್ಲೂ ಹೆಚ್ಚಾಗಿ ಇಂಥದ್ದೇ ಇರುತ್ತದೆ. ಹೆಜ್ಜೆಗಳು ವಿಂಡೋಸ್ 10 ಮತ್ತು 11ಕ್ಕೆ. ಲಿನಕ್ಸ್ ಬಳಸುವವರಿಗೆ ಕೊನೆಯ ಕಡೆ ಒಂದಷ್ಟು ಬರೆದಿದ್ದೇನೆ.

ಬಣ್ಣಗಳು ಏನು ಹೇಳುತ್ತವೆ

ಕ್ಯಾಬಿನೆಟ್ ಹಿಂಭಾಗದಲ್ಲಿ ಮೂರು, ಐದು ಅಥವಾ ಆರು ಸಣ್ಣ ತೂತುಗಳು ಕಾಣುತ್ತವೆ. ಎಲ್ಲವೂ 3.5 ಮಿ.ಮೀ. ಅಳತೆಯವು. ಬಣ್ಣಗಳನ್ನು ಸುಮ್ನೆ ಚೆಂದಕ್ಕೆ ಹಚ್ಚಿಲ್ಲ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ತಂದ ಪಿಸಿ 99 ಎಂಬ ನಿಯಮಾವಳಿಯಿಂದ ಬಂದ ಪದ್ಧತಿ ಇದು. ತಿಳಿ ಹಸಿರು ಸ್ಪೀಕರ್ ಅಥವಾ ಹೆಡ್‌ಫೋನ್‌ಗೆ. ಗುಲಾಬಿ ಮೈಕ್‌ಗೆ. ತಿಳಿ ನೀಲಿ ಲೈನ್ ಇನ್, ಅಂದರೆ ಹೊರಗಿನ ಟೇಪ್ ಅಥವಾ ಮಿಕ್ಸರ್‌ನಿಂದ ಸೌಂಡ್ ಒಳಗೆ ತರುವುದಕ್ಕೆ. ಕಿತ್ತಳೆ ನಡುವಿನ ಸ್ಪೀಕರ್ ಮತ್ತು ಸಬ್‌ವೂಫರ್‌ಗೆ. ಕಪ್ಪು ಹಿಂಬದಿ ಸ್ಪೀಕರ್‌ಗೆ, ಬೂದು ಪಕ್ಕದ ಸ್ಪೀಕರ್‌ಗೆ. ಈಚಿನ ಕೆಲವು ಬೋರ್ಡ್‌ಗಳಲ್ಲಿ ಎಲ್ಲ ಜ್ಯಾಕ್‌ಗಳೂ ಕಪ್ಪು ಅಥವಾ ಬಂಗಾರದ ಬಣ್ಣದವು. ಅಲ್ಲಿ ಪಕ್ಕದಲ್ಲಿ ಕೊರೆದಿರುವ ಗುರುತನ್ನೋ ಬೋರ್ಡ್ ಜೊತೆ ಬಂದ ಪುಸ್ತಕವನ್ನೋ ನೋಡಬೇಕು.

ಈಗ ಮುಖ್ಯವಾದ ವಿಷಯ. ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ. ಬಣ್ಣ ಪ್ಲಾಸ್ಟಿಕ್‌ನದ್ದು. ಕೆಲಸ ನಿರ್ಧಾರವಾಗುವುದು ಸಾಫ್ಟ್‌ವೇರ್‌ನಲ್ಲಿ. ಇಂಟೆಲ್ 2004ರಲ್ಲಿ ತಂದ ಎಚ್‌ಡಿ ಆಡಿಯೋ ಪದ್ಧತಿಯಲ್ಲಿ ಸೌಂಡ್ ಚಿಪ್‌ನ ಪ್ರತಿಯೊಂದು ಪಿನ್‌ಗೂ ಒಂದು ಪುಟ್ಟ ವಿವರ ಬರೆದಿರುತ್ತದೆ. ಈ ಪಿನ್ ಹಿಂದಿನ ಜ್ಯಾಕ್‌ಗೋ ಮುಂದಿನ ಜ್ಯಾಕ್‌ಗೋ, ಬಣ್ಣ ಯಾವುದು, ಇದು ಸ್ಪೀಕರೋ ಮೈಕೋ, ಇದಕ್ಕೆ ನಿಜವಾಗಿಯೂ ಜ್ಯಾಕ್ ಜೋಡಿಸಿದೆಯೋ ಇಲ್ಲವೋ, ಎಲ್ಲವೂ ಅದರಲ್ಲಿರುತ್ತದೆ. ಕಂಪ್ಯೂಟರ್ ಆನ್ ಆಗುವಾಗ ಬಯಾಸ್, ಅಂದರೆ ವಿಂಡೋಸ್‌ಗಿಂತ ಮೊದಲೇ ಓಡುವ ಮದರ್‌ಬೋರ್ಡ್‌ನ ಸಾಫ್ಟ್‌ವೇರ್, ಈ ವಿವರವನ್ನು ತುಂಬುತ್ತದೆ. ಡ್ರೈವರ್ ಅದನ್ನು ಓದಿಕೊಂಡು ಜ್ಯಾಕ್‌ಗಳನ್ನು ಸಾಲಾಗಿ ಗುರುತಿಸುತ್ತದೆ. ಬೇಕೆಂದರೆ ಬದಲಿಸುತ್ತದೆ ಕೂಡ.

ಹಿಂದೆ ಮೂರೇ ಜ್ಯಾಕ್ ಇರುವ ಬೋರ್ಡ್‌ನಲ್ಲೂ 5.1 ಸ್ಪೀಕರ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ನಡೆಯುವುದು ಇದರಿಂದಲೇ. ಆಗ ನೀಲಿ ಜ್ಯಾಕ್ ಹಿಂಬದಿ ಸ್ಪೀಕರ್ ಆಗುತ್ತದೆ, ಗುಲಾಬಿಯದು ನಡುವಿನ ಸ್ಪೀಕರ್ ಮತ್ತು ಸಬ್‌ವೂಫರ್ ಆಗುತ್ತದೆ. ಅದೇ ಕಾರಣಕ್ಕೆ, ಹಸಿರಿಗೇ ಚುಚ್ಚಿದ್ದರೂ ಡ್ರೈವರ್ ಅದನ್ನು ಬೇರೇನೋ ಅಂದುಕೊಂಡಿದ್ದರೆ ಸೌಂಡ್ ಬರುವುದಿಲ್ಲ.

ಮೊದಲ ಹೆಜ್ಜೆ: ಕಂಪ್ಯೂಟರ್ ಮುಟ್ಟಬೇಡಿ, ವೈರ್ ನೋಡಿ

ಸ್ಪೀಕರ್ ಅಥವಾ ಇಯರ್‌ಫೋನನ್ನು ಮೊಬೈಲ್‌ಗೆ ಅಥವಾ ಬೇರೆ ಯಾವುದಾದರೂ ಸಾಧನಕ್ಕೆ ಹಾಕಿ ನೋಡಿ. ಅಲ್ಲೂ ಬರದಿದ್ದರೆ ವಿಷಯ ಅಲ್ಲಿಗೇ ಮುಗಿಯಿತು. ಅಲ್ಲಿ ಸರಿಯಾಗಿ ಬಂದರೆ ಪ್ಲಗ್‌ನ ತುದಿ ಗಮನಿಸಿ. ಲೋಹದ ಮೇಲೆ ಕಪ್ಪು ಅಥವಾ ಬಿಳಿ ಪಟ್ಟಿಗಳು ಇರುತ್ತವಲ್ಲ, ಅವನ್ನು ಎಣಿಸಿ. ಎರಡು ಪಟ್ಟಿ ಇದ್ದರೆ ಮೂರು ಭಾಗ: ತುದಿ ಎಡ ಕಿವಿಗೆ, ನಡುವಿನದು ಬಲ ಕಿವಿಗೆ, ಬುಡ ಗ್ರೌಂಡ್‌ಗೆ, ಅಂದರೆ ಎರಡಕ್ಕೂ ಸೇರಿದ ಮರಳುವ ದಾರಿಗೆ. ಮೂರು ಪಟ್ಟಿ ಇದ್ದರೆ ನಾಲ್ಕು ಭಾಗ, ಅದರಲ್ಲಿ ಮೈಕ್ ಕೂಡ ಸೇರಿದೆ. ಮೊಬೈಲ್‌ಗೆ ಹಾಕುವ ಮೈಕ್ ಇರುವ ಇಯರ್‌ಫೋನ್‌ಗಳು ಈ ಎರಡನೇ ಬಗೆಯವು.

ನಾಲ್ಕು ಭಾಗದ ಪ್ಲಗ್ಗನ್ನು ಡೆಸ್ಕ್‌ಟಾಪ್‌ನ ಹಸಿರು ಜ್ಯಾಕ್‌ಗೆ ಹಾಕಿದರೆ ಸಾಮಾನ್ಯವಾಗಿ ಹಾಡು ಕೇಳುತ್ತದೆ, ಮೈಕ್ ಕೆಲಸ ಮಾಡುವುದಿಲ್ಲ. ಗುಲಾಬಿಗೆ ಹಾಕಿದರೆ ಮೈಕೂ ಇಲ್ಲ, ಹಾಡೂ ಇಲ್ಲ. ಇದಕ್ಕೆ ಬೇಕಾಗಿರುವುದು ವೈ ಆಕಾರದ ಸ್ಪ್ಲಿಟರ್. ಅದರ ಎರಡು ಬಾಲಗಳಲ್ಲಿ ಒಂದರ ಮೇಲೆ ಹೆಡ್‌ಫೋನ್ ಚಿತ್ರ, ಇನ್ನೊಂದರ ಮೇಲೆ ಮೈಕ್ ಚಿತ್ರ ಇರಬೇಕು. ಅಂಗಡಿಯಲ್ಲಿ ಇದನ್ನೇ ಕೇಳಿ ತೆಗೆದುಕೊಳ್ಳಿ. ಇದೇ ಥರ ಕಾಣುವ ಇನ್ನೊಂದು ಸ್ಪ್ಲಿಟರ್ ಇದೆ, ಅದು ಇಬ್ಬರು ಒಟ್ಟಿಗೆ ಹಾಡು ಕೇಳುವುದಕ್ಕೆ ಮಾಡಿದ್ದು. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಎರಡೂ ಅಕ್ಕಪಕ್ಕದಲ್ಲೇ ನೇತಾಡುತ್ತಿರುತ್ತವೆ. ನೋಡದೆ ತಂದರೆ ಮೈಕ್ ನಡೆಯುವುದಿಲ್ಲ.

ಇನ್ನೊಂದು ಗುರುತು ಹೇಳುತ್ತೇನೆ. ಹಾಡಿನಲ್ಲಿ ವಾದ್ಯಗಳು ಕೇಳುತ್ತಿವೆ, ಹಾಡುವವರ ದನಿ ಮಾತ್ರ ಮಾಯವಾಗಿದೆ ಅಥವಾ ಎಲ್ಲೋ ಬಾವಿಯಿಂದ ಬಂದಂತಿದೆ ಅಂದರೆ ಡ್ರೈವರ್ ತಪ್ಪಲ್ಲ. ಗ್ರೌಂಡ್ ಸರಿಯಾಗಿ ತಾಗುತ್ತಿಲ್ಲ. ಎಡ ಬಲ ಎರಡರಲ್ಲೂ ಒಂದೇ ಸಮ ಇರುವ ದನಿ ಆಗ ಒಂದನ್ನೊಂದು ಹೊಡೆದುಹಾಕುತ್ತದೆ, ಎರಡರ ನಡುವಿನ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಪ್ಲಗ್ಗನ್ನು ಕಟ್ ಎಂದು ಕೂರುವವರೆಗೆ ಒತ್ತಿ. ಆಗಲೂ ಹಾಗೇ ಇದ್ದರೆ ಪ್ಲಗ್ ಬದಲಿಸಿ. ಜ್ಯಾಕ್ ಒಳಗೆ ಧೂಳು ಗಟ್ಟಿಯಾಗಿ ಕೂತಿದ್ದರೂ ಹೀಗಾಗುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಗಾಳಿ ಊದುವ ಬಲ್ಬಿನಿಂದ ತೆಗೆಯಿರಿ. ಸೂಜಿ, ಪಿನ್ನು ಹಾಕಬೇಡಿ. ಒಳಗಿನ ಸ್ಪ್ರಿಂಗ್ ತಗಡು ಬಾಗಿದರೆ ಜ್ಯಾಕನ್ನೇ ಬದಲಿಸಬೇಕಾಗುತ್ತದೆ.

ಎರಡನೇ ಹೆಜ್ಜೆ: ವಿಂಡೋಸ್ ಸೌಂಡನ್ನು ಯಾವ ಕಡೆ ಕಳಿಸುತ್ತಿದೆ?

ಟಾಸ್ಕ್‌ಬಾರ್‌ನಲ್ಲಿರುವ ಸ್ಪೀಕರ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ 'ಸೌಂಡ್ ಸೆಟ್ಟಿಂಗ್ಸ್' ತೆರೆಯಿರಿ. ವಿಂಡೋಸ್ 11ರಲ್ಲಿ ಕೆಳಗೆ 'ಮೋರ್ ಸೌಂಡ್ ಸೆಟ್ಟಿಂಗ್ಸ್' ಸಿಗುತ್ತದೆ, 10ರಲ್ಲಿ 'ಸೌಂಡ್ ಕಂಟ್ರೋಲ್ ಪ್ಯಾನೆಲ್' ಇರುತ್ತದೆ. ಅದನ್ನು ಒತ್ತಿದರೆ ಹಳೆಯ ಕಾಲದ ಸಣ್ಣ ಕಿಟಕಿ ತೆರೆದುಕೊಳ್ಳುತ್ತದೆ. ಹೊಸ ಸೆಟ್ಟಿಂಗ್ಸ್ ಪುಟಕ್ಕಿಂತ ನನಗೆ ಇದೇ ಇಷ್ಟ. ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ.

'ಪ್ಲೇಬ್ಯಾಕ್' ಟ್ಯಾಬ್‌ನಲ್ಲಿ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ. 'ಶೋ ಡಿಸೇಬಲ್ಡ್ ಡಿವೈಸಸ್', 'ಶೋ ಡಿಸ್‌ಕನೆಕ್ಟೆಡ್ ಡಿವೈಸಸ್' ಎರಡಕ್ಕೂ ಟಿಕ್ ಹಾಕಿ. ಈಗ ಅಡಗಿದ್ದವೆಲ್ಲ ಹೊರಗೆ ಬರುತ್ತವೆ.

ಇಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಎಚ್‌ಡಿಎಂಐಯದು. ಮಾನಿಟರನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದರೆ ಸೌಂಡ್ ಕೂಡ ಅದರಲ್ಲೇ ಹೋಗಬಹುದು. ಗ್ರಾಫಿಕ್ಸ್ ಕಾರ್ಡ್‌ಗೆ ತನ್ನದೇ ಸೌಂಡ್ ಭಾಗ ಇದೆ. 'ಎನ್‌ವಿಡಿಯಾ ಹೈ ಡೆಫಿನಿಷನ್ ಆಡಿಯೋ' ಅಥವಾ 'ಎಎಂಡಿ ಹೈ ಡೆಫಿನಿಷನ್ ಆಡಿಯೋ' ಅಂತ ಪಟ್ಟಿಯಲ್ಲಿ ಕಾಣುವುದು ಅದೇ. ಹೊಸ ಮಾನಿಟರ್ ಹಾಕಿದ ದಿನ ಅಥವಾ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ದಿನ ವಿಂಡೋಸ್ ಅದನ್ನೇ ಡಿಫಾಲ್ಟ್ ಮಾಡಿಕೊಂಡುಬಿಡಬಹುದು. ಮಾನಿಟರ್‌ಗೆ ಸ್ಪೀಕರ್ ಇಲ್ಲದಿದ್ದರೆ ಎಲ್ಲವೂ ಮೌನ. ನಿಮ್ಮ 'ಸ್ಪೀಕರ್ಸ್' ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಟ್ ಆ್ಯಸ್ ಡಿಫಾಲ್ಟ್ ಡಿವೈಸ್' ಒತ್ತಿ. ಅದು ಬೂದಾಗಿದ್ದು 'ಡಿಸೇಬಲ್ಡ್' ಅಂತಿದ್ದರೆ ಮೊದಲು 'ಎನೇಬಲ್' ಮಾಡಿ.

ಆಮೇಲೆ ಅದೇ ಸಾಲಿನಲ್ಲಿ 'ಟೆಸ್ಟ್'. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಗಂಟೆ ಸದ್ದು ಕೇಳಬೇಕು. ಇಲ್ಲಿ ಮೂರರಲ್ಲಿ ಒಂದು ಆಗುತ್ತದೆ.

ಸದ್ದು ಕೇಳಿತು, ಆದರೆ ಬ್ರೌಸರ್‌ನಲ್ಲಿ ಮಾತ್ರ ಸೌಂಡ್ ಇಲ್ಲ: ಇದು ಆ ಆ್ಯಪ್‌ನ ವಿಷಯ. 'ವಾಲ್ಯೂಮ್ ಮಿಕ್ಸರ್' ತೆರೆಯಿರಿ. ಪ್ರತಿ ಆ್ಯಪ್‌ಗೂ ಬೇರೆ ವಾಲ್ಯೂಮ್ ಇದೆ, ಬೇರೆ ಔಟ್‌ಪುಟ್ ಸಾಧನವನ್ನೂ ಆರಿಸಬಹುದು. ಯಾವಾಗಲೋ ಬ್ಲೂಟೂತ್‌ಗೆ ಆರಿಸಿದ್ದು ಹಾಗೇ ಉಳಿದಿರುತ್ತದೆ.

ಸದ್ದು ಕೇಳಲಿಲ್ಲ, ಆದರೆ ಪಕ್ಕದ ಹಸಿರು ಪಟ್ಟಿಗಳು ಕುಣಿಯುತ್ತಿವೆ: ವಿಂಡೋಸ್ ತನ್ನ ಕೆಲಸ ಮಾಡಿದೆ. ತೊಂದರೆ ಅಲ್ಲಿಂದಾಚೆ, ಅಂದರೆ ಡ್ರೈವರ್ ಆರಿಸಿದ ಜ್ಯಾಕ್‌ನಲ್ಲಿ ಅಥವಾ ವೈರ್‌ನಲ್ಲಿ. ಮೂರನೇ ಹೆಜ್ಜೆಗೆ ಹೋಗಿ.

ಪಟ್ಟಿಯೂ ಕುಣಿಯಲಿಲ್ಲ, ಟೆಸ್ಟ್ ಒತ್ತಿದರೆ ಎರರ್ ಬರುತ್ತದೆ, ಅಥವಾ ಸ್ಪೀಕರ್ ಸಾಲೇ ಇಲ್ಲ: ಈಗ ಡ್ರೈವರನ್ನು ಅನುಮಾನಿಸಬಹುದು. ನೇರ ನಾಲ್ಕನೇ ಹೆಜ್ಜೆ.

5.1 ಸ್ಪೀಕರ್ ಇರುವವರು ಇಲ್ಲೇ 'ಕಾನ್ಫಿಗರ್' ಒತ್ತಿ ಸ್ಟೀರಿಯೋ ಬದಲು 5.1 ಆರಿಸಿ, ಒಂದೊಂದೇ ಸ್ಪೀಕರ್ ಚಿತ್ರ ಒತ್ತಿ ಪರೀಕ್ಷಿಸಿ. ಎರಡೇ ಸ್ಪೀಕರ್ ಇರುವವರು ಸ್ಟೀರಿಯೋದಲ್ಲೇ ಇರಿ. ಎರಡು ಸ್ಪೀಕರ್‌ಗೆ 5.1 ಆರಿಸಿದರೆ ಸಿನಿಮಾದ ಮಾತು ಇಲ್ಲದ ನಡುವಿನ ಸ್ಪೀಕರ್‌ಗೆ ಹೋಗುತ್ತದೆ. ಸಂಗೀತ ಜೋರಾಗಿ ಕೇಳುತ್ತದೆ, ಮಾತು ಮಾತ್ರ ಕ್ಷೀಣ. ಇದಕ್ಕಾಗಿ ಹೊಸ ಸ್ಪೀಕರ್ ಕೊಳ್ಳುವುದು ಬೇಕಾಗಿಲ್ಲ.

ಮೂರನೇ ಹೆಜ್ಜೆ: ಜ್ಯಾಕ್‌ಗೆ ಅದರ ಕೆಲಸ ಹೇಳಿ

ರಿಯಲ್‌ಟೆಕ್ ಡ್ರೈವರ್ ಜೊತೆ ಒಂದು ಕಂಟ್ರೋಲ್ ಪ್ಯಾನೆಲ್ ಇರುತ್ತದೆ. ಹಳೆಯ ಡ್ರೈವರ್ ಆಗಿದ್ದರೆ ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್ ಒಳಗೆ 'ರಿಯಲ್‌ಟೆಕ್ ಎಚ್‌ಡಿ ಆಡಿಯೋ ಮ್ಯಾನೇಜರ್' ಇದೆ. ಹೊಸದಾಗಿದ್ದರೆ 'ರಿಯಲ್‌ಟೆಕ್ ಆಡಿಯೋ ಕನ್ಸೋಲ್' ಎಂಬ ಆ್ಯಪ್. ಇದು ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬರುತ್ತದೆ. ಒಂದು ಮಾತು ಗಮನದಲ್ಲಿರಲಿ. ಈ ಹೊಸ ಆ್ಯಪ್ ಹೊಸ ಬಗೆಯ ಡ್ರೈವರ್ ಜೊತೆ ಮಾತ್ರ ತೆರೆಯುತ್ತದೆ. ಹಳೆಯ ಡ್ರೈವರ್ ಇಟ್ಟುಕೊಂಡು ಆ್ಯಪ್ ಮಾತ್ರ ಹಾಕಿದರೆ, ಸೇವೆಗೆ ಕನೆಕ್ಟ್ ಆಗಲಿಲ್ಲ ಅಂತ ಹೇಳಿ ಮುಚ್ಚಿಕೊಳ್ಳುತ್ತದೆ. ಕೆಲವು ಬೋರ್ಡ್ ಕಂಪನಿಗಳು ಇದೇ ಕೆಲಸವನ್ನು ತಮ್ಮ ಹೆಸರಿನ ಆ್ಯಪ್ ಒಳಗೆ ಸೇರಿಸಿರುತ್ತವೆ.

ಪ್ಯಾನೆಲ್ ತೆರೆದಿಟ್ಟುಕೊಂಡು ಪ್ಲಗ್ ತೆಗೆದು ಮತ್ತೆ ಹಾಕಿ. ಹಾಕಿದ ಕ್ಷಣ 'ಯಾವ ಸಾಧನ ಹಾಕಿದಿರಿ?' ಎಂದು ಕೇಳುವ ಕಿಟಕಿ ಬರಬೇಕು. ಹೆಡ್‌ಫೋನ್, ಫ್ರಂಟ್ ಸ್ಪೀಕರ್, ಲೈನ್ ಇನ್, ಮೈಕ್ ಅಂತ ಪಟ್ಟಿ ಇರುತ್ತದೆ. ಅನೇಕರು ಈ ಕಿಟಕಿಯನ್ನು ಓದದೆ ಮುಚ್ಚುತ್ತಾರೆ, ಅಥವಾ ಮತ್ತೆ ಕೇಳಬೇಡ ಅಂತ ಟಿಕ್ ಹಾಕುತ್ತಾರೆ. ಆಮೇಲೆ ಬೇರೆ ಸಾಧನ ಹಾಕಿದಾಗಲೂ ಡ್ರೈವರ್ ಹಳೆಯ ಉತ್ತರವನ್ನೇ ಹಿಡಿದುಕೊಂಡಿರುತ್ತದೆ. ಕಿಟಕಿ ಬರದಿದ್ದರೆ ಪ್ಯಾನೆಲ್‌ನ ಸೆಟ್ಟಿಂಗ್‌ನಲ್ಲಿ ಪಾಪ್ಅಪ್ ತೋರಿಸುವ ಆಯ್ಕೆ ಆನ್ ಮಾಡಿ, ಅಥವಾ ಜ್ಯಾಕ್ ಚಿತ್ರದ ಮೇಲೆ ಒತ್ತಿ ಕೆಲಸ ಬದಲಿಸಿ.

ಪ್ಲಗ್ ಹಾಕಿದರೂ ಪ್ಯಾನೆಲ್‌ನಲ್ಲಿ ಜ್ಯಾಕ್ ಚಿತ್ರ ಬೆಳಗದಿದ್ದರೆ, ಡ್ರೈವರ್‌ಗೆ ಪ್ಲಗ್ ಹಾಕಿದ್ದೇ ಗೊತ್ತಾಗಿಲ್ಲ. ಹಿಂದಿನ ಜ್ಯಾಕ್ ಆಗಿದ್ದರೆ ಜ್ಯಾಕ್ ಹಾಳಾಗಿರಬಹುದು. ಮುಂದಿನ ಜ್ಯಾಕ್ ಆಗಿದ್ದರೆ ಕಾರಣ ಬೇರೆ ಇರುವ ಸಾಧ್ಯತೆ ಜಾಸ್ತಿ. ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮುಂದಿನ ಜ್ಯಾಕ್‌ಗಳು ಮದರ್‌ಬೋರ್ಡ್‌ನಲ್ಲಿ ಇಲ್ಲ. ಅವು ಕ್ಯಾಬಿನೆಟ್‌ನ ಭಾಗ. ಒಂದು ತೆಳು ಕೇಬಲ್ ಅವನ್ನು ಬೋರ್ಡ್‌ಗೆ ಜೋಡಿಸುತ್ತದೆ. ಬೋರ್ಡ್‌ನಲ್ಲಿ ಅದರ ಜಾಗದ ಹೆಸರು ಕಂಪನಿಗೊಂದು ಥರ. ಏಸಸ್ ಬೋರ್ಡ್‌ನಲ್ಲಿ ಎಎಎಫ್‌ಪಿ (AAFP), ಎಂಎಸ್ಐನಲ್ಲಿ ಜೆಆಡ್1 (JAUD1), ಗಿಗಾಬೈಟ್‌ನಲ್ಲಿ ಎಫ್ ಆಡಿಯೋ (F_AUDIO). ಎರಡು ಸಾಲಿನಲ್ಲಿ ಹತ್ತು ಪಿನ್‌ಗಳ ಜಾಗ, ಅದರಲ್ಲಿ ಎಂಟನೆಯದು ಇರುವುದಿಲ್ಲ. ಆ ಖಾಲಿ ಜಾಗದಿಂದಲೇ ಪ್ಲಗ್ ಯಾವ ದಿಕ್ಕಿಗೆ ಕೂರಬೇಕು ಅಂತ ತಿಳಿಯುತ್ತದೆ. ಯುಎಸ್‌ಬಿ 2.0 ಕೇಬಲ್‌ನ ಪಿನ್ ಜಾಗವೂ ಹೀಗೇ ಕಾಣುತ್ತದೆ, ಆದರೆ ಅಲ್ಲಿ ಒಂಬತ್ತನೆಯದು ಖಾಲಿ. ಕೂರದಿದ್ದರೆ ಒತ್ತಾಯ ಮಾಡಬೇಡಿ, ಜಾಗ ತಪ್ಪಾಗಿದೆ ಅಂತಲೇ ಅರ್ಥ.

ಹಳೆಯ ಕ್ಯಾಬಿನೆಟ್‌ಗಳಲ್ಲಿ ಈ ಕೇಬಲ್‌ನ ಕೊನೆಯಲ್ಲಿ ಎರಡು ಪ್ಲಗ್ ಇರುತ್ತವೆ. ಒಂದರ ಮೇಲೆ ಎಚ್‌ಡಿ ಆಡಿಯೋ, ಇನ್ನೊಂದರ ಮೇಲೆ ಎಸಿ 97 ಅಂತ ಬರೆದಿರುತ್ತದೆ. ಎಸಿ 97 ಅನ್ನುವುದು ಇಂಟೆಲ್‌ನ 1997ರ ಹಳೆಯ ಪದ್ಧತಿ. ಅದರ ಮುಂಬದಿ ಜ್ಯಾಕ್‌ಗೆ ಪ್ಲಗ್ ಹಾಕಿದ್ದನ್ನು ಚಿಪ್‌ಗೆ ತಿಳಿಸುವ ವ್ಯವಸ್ಥೆಯೇ ಇಲ್ಲ. ಎಚ್‌ಡಿ ಆಡಿಯೋ ಪದ್ಧತಿಯಲ್ಲಿ ಜ್ಯಾಕ್ ಒಳಗೊಂದು ಪುಟ್ಟ ಸ್ವಿಚ್ ಇದ್ದು, ಪ್ಲಗ್ ಒಳಗೆ ಹೋದ ಕೂಡಲೇ ಸುದ್ದಿ ಮುಟ್ಟಿಸುತ್ತದೆ. ಅಸೆಂಬಲ್ ಮಾಡಿದವರು ತಪ್ಪಿ ಎಸಿ 97 ಪ್ಲಗ್ ಹಾಕಿದ್ದರೆ ಮುಂದಿನ ಜ್ಯಾಕ್ ಸತ್ತಂತೆಯೇ. ಕಂಪ್ಯೂಟರ್ ಆಫ್ ಮಾಡಿ, ಕರೆಂಟ್ ಪ್ಲಗ್ ತೆಗೆದು, ಪಕ್ಕದ ಬಾಗಿಲು ಬಿಚ್ಚಿ ನೋಡಿ. ಎಚ್‌ಡಿ ಆಡಿಯೋ ಪ್ಲಗ್ ಮಾತ್ರ ಹಾಕಿ, ಇನ್ನೊಂದನ್ನು ಸುಮ್ನೆ ಬಿಡಿ.

ಕ್ಯಾಬಿನೆಟ್‌ನಲ್ಲಿ ಎಸಿ 97 ಒಂದೇ ಇದ್ದರೆ ದಾರಿ ಇದೆ. ರಿಯಲ್‌ಟೆಕ್ ಪ್ಯಾನೆಲ್‌ನ ಕನೆಕ್ಟರ್ ಸೆಟ್ಟಿಂಗ್‌ನಲ್ಲಿ 'ಡಿಸೇಬಲ್ ಫ್ರಂಟ್ ಪ್ಯಾನೆಲ್ ಜ್ಯಾಕ್ ಡಿಟೆಕ್ಷನ್' ಎಂಬ ಆಯ್ಕೆ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಮುಂದೆ ಪ್ಲಗ್ ಇದೆಯೋ ಇಲ್ಲವೋ ನೋಡದೆ ಸೌಂಡ್ ಕಳಿಸುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಇದೇ ಆಯ್ಕೆ ಬಯಾಸ್‌ನಲ್ಲೂ ಇರುತ್ತದೆ, ಫ್ರಂಟ್ ಪ್ಯಾನೆಲ್ ಬಗೆ ಎಚ್‌ಡಿಯೋ ಎಸಿ 97ಓ ಅಂತ.

ಇಯರ್‌ಫೋನ್ ಮುಂದೆ ಹಾಕಿದ ಕೂಡಲೇ ಹಿಂದಿನ ಸ್ಪೀಕರ್ ನಿಲ್ಲುವುದು ದೋಷವಲ್ಲ, ಅದೂ ಒಂದು ಸೆಟ್ಟಿಂಗ್. ರಿಯಲ್‌ಟೆಕ್ ಪ್ಯಾನೆಲ್‌ನ 'ಡಿವೈಸ್ ಅಡ್ವಾನ್ಸ್ಡ್ ಸೆಟ್ಟಿಂಗ್ಸ್' ಒಳಗೆ ಎರಡು ಆಯ್ಕೆ ಸಿಗುತ್ತವೆ. ಮುಂದೆ ಹೆಡ್‌ಫೋನ್ ಹಾಕಿದಾಗ ಹಿಂದಿನದನ್ನು ಮ್ಯೂಟ್ ಮಾಡುವುದು ಒಂದು. ಮುಂದಿನ ಮತ್ತು ಹಿಂದಿನ ಜ್ಯಾಕ್‌ಗಳನ್ನು ಎರಡು ಬೇರೆ ಸಾಧನಗಳಾಗಿ ನಡೆಸುವುದು ಇನ್ನೊಂದು. ಎರಡನೆಯದನ್ನು ಆರಿಸಿದರೆ ಪ್ಲೇಬ್ಯಾಕ್ ಪಟ್ಟಿಯಲ್ಲಿ ಎರಡು ಸಾಲು ಬರುತ್ತವೆ. ಮಗು ಇಯರ್‌ಫೋನ್‌ನಲ್ಲಿ ಆನ್‌ಲೈನ್ ಕ್ಲಾಸ್ ಕೇಳುವಾಗ ಸ್ಪೀಕರ್‌ನಲ್ಲಿ ಹಾಡು ಹಾಕುವುದೂ ಸಾಧ್ಯ. ಕ್ಲಾಸಿಗೆ ತೊಂದರೆ ಆಗದಂತೆ ವಾಲ್ಯೂಮ್ ಮಾತ್ರ ನೋಡಿಕೊಳ್ಳಿ.

ನಾಲ್ಕನೇ ಹೆಜ್ಜೆ: ಈಗ ಡ್ರೈವರ್

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ಸೌಂಡ್, ವಿಡಿಯೋ ಆ್ಯಂಡ್ ಗೇಮ್ ಕಂಟ್ರೋಲರ್ಸ್' ಬಿಡಿಸಿ ನೋಡಿ. 'ರಿಯಲ್‌ಟೆಕ್ ಆಡಿಯೋ' ಅಥವಾ 'ರಿಯಲ್‌ಟೆಕ್ ಹೈ ಡೆಫಿನಿಷನ್ ಆಡಿಯೋ' ಅಂತಿದ್ದರೆ ಕಂಪನಿಯ ಡ್ರೈವರ್ ಇದೆ. ಬರೀ 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಅಂತಿದ್ದರೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್ ನಡೆಯುತ್ತಿದೆ. ಹಳದಿ ತ್ರಿಕೋನ ಇದ್ದರೆ ಡಬಲ್ ಕ್ಲಿಕ್ ಮಾಡಿ ಕೋಡ್ ಓದಿಕೊಳ್ಳಿ. 28 ಅಂದರೆ ಡ್ರೈವರ್ ಇಲ್ಲ. 10 ಅಂದರೆ ಇದೆ, ಆದರೆ ಶುರುವಾಗುತ್ತಿಲ್ಲ. ಸಾಲೇ ಇಲ್ಲದಿದ್ದರೆ ಬಯಾಸ್‌ಗೆ ಹೋಗಿ ಆನ್‌ಬೋರ್ಡ್ ಆಡಿಯೋ ಎನೇಬಲ್ ಆಗಿದೆಯೇ ನೋಡಿ. ಸಿಮೋಸ್ ಬ್ಯಾಟರಿ (ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಂಥ ಸಣ್ಣ ಬ್ಯಾಟರಿ) ಬದಲಿಸಿದ ಮೇಲೆ ಬಯಾಸ್ ಸೆಟ್ಟಿಂಗ್‌ಗಳು ಮೂಲ ಸ್ಥಿತಿಗೆ ಮರಳಿರುತ್ತವೆ, ಹಾಗಾಗಿ ಅದನ್ನೂ ಯೋಚಿಸಿ.

ಸಾಮಾನ್ಯ ಡ್ರೈವರ್ ಅಂದರೆ ಕೀಳು ಅಂತ ಅಲ್ಲ. ಹಾರ್ಡ್‌ವೇರ್ ಚೆನ್ನಾಗಿದೆಯೇ ಅಂತ ಪರೀಕ್ಷಿಸಲು ನನಗೆ ಗೊತ್ತಿರುವ ಒಳ್ಳೆಯ ಉಪಾಯವೇ ಅದು. ರಿಯಲ್‌ಟೆಕ್ ಸಾಲಿನ ಮೇಲೆ ರೈಟ್ ಕ್ಲಿಕ್, 'ಅಪ್‌ಡೇಟ್ ಡ್ರೈವರ್', 'ಬ್ರೌಸ್ ಮೈ ಕಂಪ್ಯೂಟರ್', ಆಮೇಲೆ 'ಲೆಟ್ ಮಿ ಪಿಕ್'. ಪಟ್ಟಿಯಲ್ಲಿ 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಆರಿಸಿ ರೀಸ್ಟಾರ್ಟ್ ಮಾಡಿ. ಸೌಂಡ್ ಬಂತೇ? ಹಾಗಾದರೆ ಚಿಪ್, ಜ್ಯಾಕ್, ವೈರ್ ಎಲ್ಲ ಸರಿ ಇವೆ, ರಿಯಲ್‌ಟೆಕ್ ಡ್ರೈವರ್‌ನಲ್ಲೇ ದೋಷ. ಹಾಡು ಕೇಳುವುದಷ್ಟೇ ನಿಮ್ಮ ಕೆಲಸವಾದರೆ ಇದರಲ್ಲೇ ಇರಬಹುದು. ಆದರೆ ಜ್ಯಾಕ್‌ನ ಕೆಲಸ ಬದಲಿಸುವುದು, ಮುಂದೆ ಹಿಂದೆ ಬೇರೆ ಮಾಡುವುದು ಇದರಲ್ಲಿ ಇಲ್ಲ.

ಕಂಪನಿಯ ಡ್ರೈವರೇ ಬೇಕಾದರೆ ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟ್‌ನಿಂದ, ನಿಮ್ಮದೇ ಬೋರ್ಡ್‌ನ ಮಾಡೆಲ್‌ಗೆ ಇರುವುದನ್ನು ಇಳಿಸಿಕೊಳ್ಳಿ. ಮಾಡೆಲ್ ಗೊತ್ತಿಲ್ಲದಿದ್ದರೆ ಸ್ಟಾರ್ಟ್‌ನಲ್ಲಿ 'ಸಿಸ್ಟಮ್ ಇನ್ಫರ್ಮೇಷನ್' ತೆರೆಯಿರಿ, 'ಬೇಸ್‌ಬೋರ್ಡ್ ಪ್ರಾಡಕ್ಟ್' ಸಾಲಿನಲ್ಲಿ ಇದೆ. ಲ್ಯಾಪ್‌ಟಾಪ್ ಆದರೆ ತಳದಲ್ಲಿರುವ ಸೀರಿಯಲ್ ನಂಬರ್ ಅಥವಾ ಸರ್ವಿಸ್ ಟ್ಯಾಗ್ ಹಾಕಿ ಹುಡುಕಿ. ಒಂದೇ ಚಿಪ್ ಇದ್ದರೂ ಜ್ಯಾಕ್ ಜೋಡಣೆ ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆ. ಅದಕ್ಕೇ ಬೇರೆ ಕಂಪನಿಯ ಡ್ರೈವರ್ ಹಾಕಿದರೆ ಸ್ಪೀಕರ್ ನಡೆದು ಮೈಕ್ ನಿಲ್ಲುವಂಥ ವಿಚಿತ್ರಗಳು ಆಗುವುದು. ಎಲ್ಲ ಡ್ರೈವರ್ ತಾನೇ ಹುಡುಕಿ ಹಾಕುತ್ತೇನೆ ಅನ್ನುವ ಉಚಿತ ಸಾಫ್ಟ್‌ವೇರ್‌ಗಳ ಕಡೆ ಹೋಗಬೇಡಿ.

ಹಾಕುವ ಕ್ರಮ ಹೀಗೆ. ಮೊದಲು ಹೊಸ ಡ್ರೈವರ್ ಇಳಿಸಿ ಇಟ್ಟುಕೊಳ್ಳಿ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳೆಯದರ ಮೇಲೆ 'ಅನ್‌ಇನ್‌ಸ್ಟಾಲ್ ಡಿವೈಸ್' ಒತ್ತಿ, ಡ್ರೈವರ್ ಫೈಲನ್ನೂ ತೆಗೆಯುವ ಬಾಕ್ಸ್‌ಗೆ ಟಿಕ್ ಹಾಕಿ. ಇಂಟರ್‌ನೆಟ್ ಕಡಿದು ರೀಸ್ಟಾರ್ಟ್ ಮಾಡಿ. ಇಂಟರ್‌ನೆಟ್ ಇದ್ದರೆ ನಿಮಗಿಂತ ಮೊದಲೇ ವಿಂಡೋಸ್ ಅಪ್‌ಡೇಟ್ ತನ್ನದೊಂದನ್ನು ತಂದು ಹಾಕಬಹುದು. ಈಗ ಹೊಸದನ್ನು ಹಾಕಿ ಮತ್ತೆ ರೀಸ್ಟಾರ್ಟ್. ನಿನ್ನೆವರೆಗೆ ಸರಿಯಿದ್ದು ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಇಷ್ಟೆಲ್ಲ ಬೇಡ. ಪ್ರಾಪರ್ಟೀಸ್‌ನ 'ಡ್ರೈವರ್' ಟ್ಯಾಬ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿದರೆ ಸಾಕು.

ಸ್ಕ್ರೀನ್ ರೀಡರ್, ಅಂದರೆ ಪರದೆಯ ಬರಹವನ್ನು ಓದಿ ಹೇಳುವ ಎನ್‌ವಿಡಿಎಯಂಥ ಸಾಫ್ಟ್‌ವೇರ್, ಬಳಸುವವರಿಗೆ ಒಂದು ಮಾತು. ನೀವು ಎನ್‌ವಿಡಿಎ ಜೊತೆ ಕನ್ನಡ ದನಿ ಕೇಳುತ್ತ ಕೆಲಸ ಮಾಡುವವರಾದರೆ ಡ್ರೈವರ್ ತೆಗೆದ ಕ್ಷಣ ಕಂಪ್ಯೂಟರೇ ಮೂಕವಾಗುತ್ತದೆ. ಈ ಕೆಲಸ ಶುರು ಮಾಡುವ ಮೊದಲು ಯುಎಸ್‌ಬಿ ಹೆಡ್‌ಫೋನ್ ಒಂದನ್ನು ಚುಚ್ಚಿ, ಎನ್‌ವಿಡಿಎಯ ಆಡಿಯೋ ಸೆಟ್ಟಿಂಗ್‌ನಲ್ಲಿ ಅದನ್ನೇ ಔಟ್‌ಪುಟ್ ಆಗಿ ಆರಿಸಿ. ಅದು ವಿಂಡೋಸ್‌ನ ಒಳಗೇ ಇರುವ ಯುಎಸ್‌ಬಿ ಆಡಿಯೋ ಡ್ರೈವರ್‌ನಲ್ಲಿ ನಡೆಯುತ್ತದೆ, ರಿಯಲ್‌ಟೆಕ್ ಜೊತೆ ಹೋಗುವುದಿಲ್ಲ.

ಮೈಕ್ ಮತ್ತು ಲೈನ್ ಇನ್

ಮೈಕ್‌ನಲ್ಲಿ ದನಿ ಬರದಿದ್ದರೆ ಮೊದಲು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ' (10ರಲ್ಲಿ ಬರೀ 'ಪ್ರೈವೆಸಿ') ಒಳಗಿನ 'ಮೈಕ್ರೋಫೋನ್' ಪುಟ ನೋಡಿ. ಅಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಬೇರೆಯೇ ಸ್ವಿಚ್ ಇದೆ. ಆಮೇಲೆ 'ರೆಕಾರ್ಡಿಂಗ್' ಟ್ಯಾಬ್, ಮೈಕ್‌ನ 'ಪ್ರಾಪರ್ಟೀಸ್', 'ಲೆವೆಲ್ಸ್'. 'ಮೈಕ್ರೋಫೋನ್ ಬೂಸ್ಟ್' ಅನ್ನು 10 ಡಿಬಿಯಿಂದ ಶುರು ಮಾಡಿ. 30ಕ್ಕೆ ಏರಿಸಿದರೆ ದನಿಯ ಜೊತೆ ಫ್ಯಾನ್ ಸದ್ದು, ಸುಯ್ ಅನ್ನುವ ಸದ್ದು ಎಲ್ಲವೂ ಏರುತ್ತವೆ. ಬೂಸ್ಟ್ ಏರಿಸುವ ಬದಲು ಮೈಕನ್ನು ಬಾಯಿಯ ಹತ್ತಿರ ತನ್ನಿ.

ನೀಲಿ ಜ್ಯಾಕ್ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ. ನಮ್ಮ ಮನೆಗಳಿಗೆ ಬಹಳ ಬೇಕಾದ ಜ್ಯಾಕ್ ಅದು. ಯಕ್ಷಗಾನದ ಆಟ, ತಾಳಮದ್ದಲೆ, ಹರಿಕಥೆ, ಅಜ್ಜಿ ಹಾಡಿದ ಹಸೆ ಹಾಡು ಎಲ್ಲ ಕ್ಯಾಸೆಟ್‌ನಲ್ಲಿ ಉಳಿದಿರುವ ಮನೆಗಳು ಇನ್ನೂ ಇವೆ. ಟೇಪ್ ದಿನದಿಂದ ದಿನಕ್ಕೆ ಹಾಳಾಗುತ್ತದೆ. ಅದನ್ನು ಕಂಪ್ಯೂಟರ್‌ಗೆ ತರುವುದು ಇದೇ ಜ್ಯಾಕ್‌ನಿಂದ. ದಯವಿಟ್ಟು ಮೈಕ್ ಜ್ಯಾಕ್ ಬಳಸಬೇಡಿ. ಅದು ಬಹಳ ಸಣ್ಣ ಸಿಗ್ನಲ್‌ಗೆ ಮಾಡಿದ್ದು, ಟೇಪ್‌ನ ಜೋರು ಸಿಗ್ನಲ್ ಅಲ್ಲಿ ಒಡೆದು ಗೊರಗೊರ ಅನ್ನುತ್ತದೆ.

ಟೂ ಇನ್ ಒನ್‌ನ (ರೇಡಿಯೋ ಕೂಡಿದ ಟೇಪ್ ರೆಕಾರ್ಡರ್) ಲೈನ್ ಔಟ್‌ನಿಂದ, ಅದಿಲ್ಲದಿದ್ದರೆ ಹೆಡ್‌ಫೋನ್ ಜ್ಯಾಕ್‌ನಿಂದ, ಎರಡೂ ಕಡೆ 3.5 ಮಿ.ಮೀ. ಪ್ಲಗ್ ಇರುವ ಸ್ಟೀರಿಯೋ ಕೇಬಲ್ಲನ್ನು ನೀಲಿಗೆ ಹಾಕಿ. ರಿಯಲ್‌ಟೆಕ್ ಕೇಳಿದಾಗ 'ಲೈನ್ ಇನ್' ಅನ್ನಿ. ಟೇಪ್‌ನ ವಾಲ್ಯೂಮ್ ಕಮ್ಮಿ ಇಟ್ಟು ಶುರು ಮಾಡಿ. ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡಿಂಗ್ ಸಾಧನ 'ಲೈನ್ ಇನ್', ಚಾನೆಲ್ ಎರಡು, 44,100 ಹರ್ಟ್ಸ್ ಆರಿಸಿ. ಕ್ಯಾಸೆಟ್‌ಗೆ ಅಷ್ಟು ಸಾಕು. ಜೋರಾದ ಜಾಗದಲ್ಲೂ ಮೀಟರ್ ಮೈನಸ್ 6 ಡಿಬಿ ದಾಟದಂತೆ ಟೇಪ್ ವಾಲ್ಯೂಮ್ ಹೊಂದಿಸಿ. ಒಂದು ಗಂಟೆಗೆ 16 ಬಿಟ್ ಸ್ಟೀರಿಯೋ ವೇವ್ ಫೈಲ್ ಸುಮಾರು 635 ಎಂಬಿ ಆಗುತ್ತದೆ.

ಇಲ್ಲಿ ಡ್ರೈವರ್‌ನಲ್ಲಿ ಮರೆಯದೆ ಮಾಡಬೇಕಾದ್ದೊಂದು ಇದೆ. ಲೈನ್ ಇನ್‌ನ ಪ್ರಾಪರ್ಟೀಸ್‌ನಲ್ಲಿ 'ಎನ್‌ಹಾನ್ಸ್‌ಮೆಂಟ್ಸ್' ಎಲ್ಲ ಆಫ್ ಮಾಡಿ, ರಿಯಲ್‌ಟೆಕ್ ಪ್ಯಾನೆಲ್‌ನಲ್ಲಿ ನಾಯ್ಸ್ ಸಪ್ರೆಷನ್ ಕೂಡ. ಈ ಫಿಲ್ಟರ್ ಮಾತಿಗಾಗಿ ಮಾಡಿದ್ದು. ಒಂದೇ ಸಮನೆ ಬರುವ ಸದ್ದನ್ನೆಲ್ಲ ಗದ್ದಲ ಅಂದುಕೊಳ್ಳುತ್ತದೆ. ಭಾಗವತರ ಹಿಂದೆ ಎಡೆಬಿಡದೆ ಕೇಳುವ ಶ್ರುತಿಯನ್ನೂ ಹಾಗೇ ಅಂದುಕೊಂಡು ತೆಳುವಾಗಿಸಬಹುದು. ಸ್ವಚ್ಛ ಮಾಡುವ ಕೆಲಸ ಆಮೇಲೆ ನಿಧಾನವಾಗಿ ಮಾಡಬಹುದು. ರೆಕಾರ್ಡ್ ಆಗುವಾಗಲೇ ಹೋದದ್ದು ಮತ್ತೆ ಬರುವುದಿಲ್ಲ.

ಲ್ಯಾಪ್‌ಟಾಪ್‌ನ ಒಂಟಿ ಜ್ಯಾಕ್‌ನಲ್ಲಿ ಇದು ಆಗುವುದಿಲ್ಲ. ಅಲ್ಲಿರುವುದು ಮೋನೋ ಮೈಕ್ ಮಾತ್ರ. ಲೈನ್ ಇನ್ ಅಂತ ಸ್ಪಷ್ಟವಾಗಿ ಬರೆದಿರುವ ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದುಕೊಳ್ಳಿ. ಬೆರಳುದ್ದದ ಅಗ್ಗದ ಯುಎಸ್‌ಬಿ ಕಾರ್ಡ್‌ಗಳಲ್ಲೂ ಬಹುತೇಕ ಇರುವುದು ಮೈಕ್ ಜ್ಯಾಕ್ ಅಷ್ಟೇ.

ರೆಕಾರ್ಡ್ ಮಾಡುವಾಗ ಗುಂಯ್ ಅನ್ನುವ ಸದ್ದು ಬಂದರೆ ಅದು ನಮ್ಮ ಕರೆಂಟ್‌ನ 50 ಹರ್ಟ್ಸ್. ಟೇಪ್ ಮತ್ತು ಕಂಪ್ಯೂಟರ್ ಎರಡನ್ನೂ ಅರ್ಥಿಂಗ್ ಸರಿಯಿರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್ ಕೀಳುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಜೀವಕ್ಕೆ ಅಪಾಯ.

ಲಿನಕ್ಸ್‌ನಲ್ಲಿ

ಇಲ್ಲಿ ಡ್ರೈವರ್ ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೇ ಬಂದಿರುತ್ತದೆ, ಇಳಿಸುವ ಕೆಲಸ ಇಲ್ಲ. ಸೌಂಡ್ ಇಲ್ಲದಿದ್ದರೆ ಟರ್ಮಿನಲ್‌ನಲ್ಲಿ ಅಲ್ಸಾಮಿಕ್ಸರ್ (alsamixer) ನಡೆಸಿ. ಎಫ್ 6 ಒತ್ತಿ ಸರಿಯಾದ ಕಾರ್ಡ್ ಆರಿಸಿ. ಕೆಳಗೆ ಎಂಎಂ ಅಂತ ಕಾಣುವ ಕಂಬಗಳು ಮ್ಯೂಟ್ ಆಗಿವೆ, ಎಂ ಕೀ ಒತ್ತಿದರೆ 00 ಆಗುತ್ತವೆ. ಬಲಕ್ಕೆ ಹೋದರೆ 'ಆಟೋ ಮ್ಯೂಟ್ ಮೋಡ್' ಸಿಗುತ್ತದೆ. ಮುಂದೆ ಏನೂ ಹಾಕದಿದ್ದರೂ ಸ್ಪೀಕರ್ ಮ್ಯೂಟ್ ಆಗುತ್ತಿದ್ದರೆ ಇದನ್ನು ಡಿಸೇಬಲ್ ಮಾಡಿ. ಪಲ್ಸ್ ಆಡಿಯೋ ವಾಲ್ಯೂಮ್ ಕಂಟ್ರೋಲ್ ಎಂಬ ಸಣ್ಣ ಆ್ಯಪ್‌ನ 'ಕಾನ್ಫಿಗರೇಷನ್' ಟ್ಯಾಬ್‌ನಲ್ಲಿ ಪ್ರೊಫೈಲ್ 'ಅನಲಾಗ್ ಸ್ಟೀರಿಯೋ ಡ್ಯುಪ್ಲೆಕ್ಸ್' ಇರಲಿ, ಆಗ ಸ್ಪೀಕರ್ ಮತ್ತು ಮೈಕ್ ಎರಡೂ ನಡೆಯುತ್ತವೆ.

ಜ್ಯಾಕ್‌ನ ಕೆಲಸ ಬದಲಿಸಲು ಎಚ್‌ಡಿಎ ಜ್ಯಾಕ್ ರೀಟಾಸ್ಕ್ (hdajackretask) ಎಂಬ ಟೂಲ್ ಇದೆ. ಅಲ್ಸಾ ಟೂಲ್ಸ್ ಪ್ಯಾಕೇಜ್‌ನಲ್ಲಿ ಸಿಗುತ್ತದೆ. ಬಯಾಸ್ ಬರೆದಿಟ್ಟ ಪಿನ್ ವಿವರ ಅದರಲ್ಲಿ ಕಣ್ಣೆದುರೇ ಕಾಣುತ್ತದೆ. 'ಹಸಿರು, ಹಿಂಬದಿ' ಅಂತಿರುವ ಪಿನ್ ಹುಡುಕಿ, 'ಓವರ್‌ರೈಡ್' ಟಿಕ್ ಮಾಡಿ, ಬೇಕಾದ ಕೆಲಸ ಆರಿಸಿ, 'ಅಪ್ಲೈ ನೌ' ಒತ್ತಿ ಪರೀಕ್ಷಿಸಿ. ಸರಿ ಅನ್ನಿಸಿದರೆ ಮಾತ್ರ 'ಇನ್‌ಸ್ಟಾಲ್ ಬೂಟ್ ಓವರ್‌ರೈಡ್'. ಬೇಡವಾದರೆ 'ರಿಮೂವ್ ಬೂಟ್ ಓವರ್‌ರೈಡ್' ಒತ್ತಿ ರೀಬೂಟ್ ಮಾಡಿದರೆ ಮೊದಲಿನಂತೆ ಆಗುತ್ತದೆ. ಮುಂಬದಿ ಜ್ಯಾಕ್ ಹಾಳಾದಾಗ ಹಿಂದಿನ ನೀಲಿಯನ್ನು ಹೆಡ್‌ಫೋನ್ ಆಗಿ ಮಾಡಿಕೊಳ್ಳಲು ಇದು ತುಂಬ ಉಪಯೋಗ.

ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಕಂಪ್ಯೂಟರ್‌ನಲ್ಲಿ, ವಿಂಡೋಸ್‌ನಿಂದ ರೀಸ್ಟಾರ್ಟ್ ಮಾಡಿ ಬಂದಾಗ ಮಾತ್ರ ಲಿನಕ್ಸ್‌ನಲ್ಲಿ ಸೌಂಡ್ ಕೈಕೊಡುತ್ತಿದ್ದರೆ ಸೆಟ್ಟಿಂಗ್ ಕೆದಕಬೇಡಿ. ಪೂರ್ತಿ ಶಟ್‌ಡೌನ್ ಮಾಡಿ, ಕರೆಂಟ್ ತೆಗೆದು, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ವಿಂಡೋಸ್ ಡ್ರೈವರ್ ಚಿಪ್‌ನಲ್ಲಿ ಬಿಟ್ಟುಹೋದ ಸ್ಥಿತಿ ಆಗ ಅಳಿಸಿಹೋಗುತ್ತದೆ.

ಎಲ್ಲ ಮಾಡಿಯೂ ಆಗದಿದ್ದರೆ

ಸಾಮಾನ್ಯ ಡ್ರೈವರ್‌ನಲ್ಲೂ ಸೌಂಡ್ ಇಲ್ಲ, ಹಿಂದಿನ ಯಾವ ಜ್ಯಾಕೂ ಬೆಳಗುತ್ತಿಲ್ಲ, ಪೆನ್‌ಡ್ರೈವ್‌ನಿಂದ ಲಿನಕ್ಸ್ ನಡೆಸಿ ನೋಡಿದರೂ ಹಾಗೇ ಇದೆ ಅಂದರೆ ಚಿಪ್ ಹೋಗಿದೆ. ಅದಕ್ಕಾಗಿ ಮದರ್‌ಬೋರ್ಡ್ ಬದಲಿಸುವುದು ಬೇಡ, ಫಾರ್ಮ್ಯಾಟ್‌ನಿಂದಲೂ ಏನೂ ಆಗದು. ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ತಂದು ಚುಚ್ಚಿ. ಬಯಾಸ್‌ನಲ್ಲಿ ಆನ್‌ಬೋರ್ಡ್ ಆಡಿಯೋ ಡಿಸೇಬಲ್ ಮಾಡಿ. ಆಮೇಲೆ ಪ್ಲೇಬ್ಯಾಕ್ ಮತ್ತು ರೆಕಾರ್ಡಿಂಗ್ ಎರಡೂ ಟ್ಯಾಬ್‌ಗಳಲ್ಲಿ ಹೊಸ ಕಾರ್ಡನ್ನೇ ಡಿಫಾಲ್ಟ್ ಮಾಡಿ. ಎರಡನೆಯದನ್ನು ಮರೆತರೆ ಮುಂದಿನ ವಿಡಿಯೋ ಕಾಲ್‌ನಲ್ಲಿ ನಿಮಗೆ ಎಲ್ಲರ ಮಾತು ಕೇಳುತ್ತದೆ, ನಿಮ್ಮದು ಯಾರಿಗೂ ಕೇಳುವುದಿಲ್ಲ.